ಎಂಟು ಹೆಂಚು, ನಾಲ್ಕು ತುಂಡು ಸೀಸ

ಆ ಶನಿವಾರ ಮಾಡಿದ ಕೆಲಸ: ನಳದ ನೀರು ಹಿಡಿದೆ, ಅಂಗಳ ಸಾರಿಸಿದೆ, ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ, ನನ್ನ ಯಜಮಾನರ ಅಂಗಿಗಳ ಎಣ್ಣೆ ಕಲೆ ತಿಕ್ಕಿದೆ. ಆಮೇಲೆ, ಅವರನ್ನು ಕೇಳದೆ, ಅವರ ಇಂಜಿನ್ನಿನ ಒಲೆಗೆ ಬೆಂಕಿ ಹಾಕಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನ ಗಂಡ ಉದ್ಯಮಬಾಗಿನ ಒಂದು ಎರಕದ ಕಾರ್ಖಾನೆ, ಫೌಂಡ್ರಿಯಲ್ಲಿದ್ದರು. ಸಂಜೆ ಸಂಜೆ ಕೂತು, ಎರಡು ಗೇಣುದ್ದದ ಉಗಿ ಇಂಜಿನ್ ಮಾಡಿದ್ದರು. ಖರೇ ನೀರು, ಖರೇ ಇದ್ದಲು. ಹಿತ್ತಲಲ್ಲಿ ಕಬ್ಬಿಣದ ಪಟ್ಟಿಯ ಹಳಿ, ಅದರ ಕೊನೆಗೆ ಬಾವಿಕಟ್ಟೆಯ ಕಡೆಗೊಂದು ಏರು. ಎಂಟು ಹೆಂಚು ಹೇರಿದ ಗಾಲಿ ಡಬ್ಬಿಯನ್ನು ಅದು ಆ ಏರಿನ ಮೇಲೆ ಎಳೆಯಬೇಕೆಂಬುದು ಅವರ ಹಟ.

ಖಾನಾಪುರದಲ್ಲಿ ನನ್ನ ಅಕ್ಕ ಕಾಲು ಮುರಿದುಕೊಂಡು ಮಲಗಿ ತಿಂಗಳಾಗಿತ್ತು. ಹೋಗಿ ಬರೋಣವೆಂದರೆ, ‘ಈ ಇಂಜಿನ್ ಏರ್ಲಿ, ಇಬ್ರೂ ಕೂಡೇ ಹೋಗೂಣು’ ಎನ್ನುತ್ತಿದ್ದರು. ಊಟಕ್ಕೆ ಕುಳಿತಾಗ ನನ್ನೊಡನೆ ಆಡುವ ಮಾತೂ ಅಷ್ಟೇ ಆಗಿತ್ತು.

ಮೊದಲು ಏರಿನಲ್ಲಿ ಗಾಲಿಗಳು ನಿಂತಲ್ಲೇ ತಿರುಗಿ ಜಾರುತ್ತಿದ್ದವು. ಇಂಜಿನ್ನಿನ ಮೇಲೆ ಒಂದು ತುಂಡು ಸೀಸ ಇಟ್ಟರು, ಹಿಡಿತ ಬಂತು. ಎರಡು ಇಟ್ಟರು, ಮೂರು ಇಟ್ಟರು. ಪ್ರತಿ ಸಲವೂ ಒಂದಿಷ್ಟು ಮೇಲೆ ಹೋಯಿತು. ಎರಕ ಹೊಯ್ಯುವವರಿಗೆ ತೂಕದ ಮೇಲೆ ಬಹಳ ನಂಬಿಕೆ. ಮೂರರಿಂದ ಒಮ್ಮೆಲೇ ಆರಕ್ಕೆ ಜಿಗಿದರು. ಈಗ ಗಾಲಿ ಜಾರಲಿಲ್ಲ, ಆದರೆ ಉಗಿ ಸಾಲದೆ ಇಂಜಿನ್ ನಡುದಾರಿಯಲ್ಲೇ ನಿಂತುಬಿಡುತ್ತಿತ್ತು.

‘ಎರಡು ತಗದು ನೋಡ್ರಿ’ ಎಂದಿದ್ದೆ.

‘ನಿನಗೇನ ತಿಳೀತೈತಿ, ರೊಟ್ಟಿ ಬಡಿ.’

ಆ ದಿನ ನಾನೇ ಎರಡು ತೆಗೆದೆ. ಉಗಿ ಕಟ್ಟುವ ತನಕ ಕಾದು, ಉಗಿ ಬಿಡುವ ಹಿಡಿ ತಿರುಗಿಸಿದೆ. ಇಂಜಿನ್ ಒಮ್ಮೆ ಜಾರಿತು, ಸಾವರಿಸಿಕೊಂಡಿತು, ಹೆಂಚು ಕಟಕಟ ಎನ್ನುತ್ತ ಬಾವಿಕಟ್ಟೆ ಮುಟ್ಟಿತು. ಕೆಳಗಿಳಿಸಿ ಇನ್ನೊಮ್ಮೆ ಏರಿಸಿದೆ. ಯಾರಿಗಾದರೂ ಹೇಳೋಣವೆಂದರೆ ಬಾಜೂ ಮನೆಗೆ ಕೀಲಿ ಬಿದ್ದಿತ್ತು.

ಮೂರು ಗಂಟೆಗೆ ಅವರು ಬಂದರು.

‘ನಾಲ್ಕು ತುಂಡಿಗೆ ಏರೈತ್ರಿ. ಎರಡು ಸರತಿ.’

‘ನಾ ನೋಡೇನೇನು?’

‘ಈಗ ನೋಡ್ರಿ, ಬೆಂಕಿ ಇನ್ನೂ ಐತಿ.’

ಅವರು ಎರಡೂ ತುಂಡು ಮರಳಿ ಇಟ್ಟರು. ‘ಹಗುರ ಇಂಜಿನ್ ಅಂದ್ರ ಆಟಿಗಿ ಸಾಮಾನು. ಆರಕ್ಕ ಏರಬೇಕು.’

ನಡುದಾರಿಯಲ್ಲಿ ನಿಂತಿತು. ‘ಎಲ್ಲೋ ಉಗಿ ಸೋರಾಕತ್ತೈತಿ’ ಎಂದು ಬಗ್ಗಿ ಹುಡುಕತೊಡಗಿದರು.

‘ಅಕ್ಕನ ಕಡೆ ಹೋಗೂದು?’

‘ಮುಂದಿನ ವಾರ ನೋಡೂಣು.’

ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟೆ. ಪಲ್ಯ ಮುಚ್ಚಿಟ್ಟೆ. ಚೀಲ ಹಿಡಿದು ಹಿತ್ತಲಿಗೆ ಹೋಗಿ, ‘ನಾ ಖಾನಾಪುರಕ್ಕ ಹೋಗಿ ಬರ್ತೇನ್ರಿ’ ಎಂದೆ.

‘ಹೂಂ. ಆ ಸಣ್ಣ ಪಾನಾ ಎಲ್ಲಿಟ್ಟಿ?’

ನಟ್ಟು ತಿರುವುವ ಆ ಪಾನಾ ಹುಡುಕಿ ಕೈಗೆ ಕೊಟ್ಟು ಹೊರಟೆ. ಪ್ಯಾಸೆಂಜರ್ ರೈಲಿನಲ್ಲಿ ಎದುರಿನ ಸೀಟು ಖಾನಾಪುರದ ತನಕ ಖಾಲಿ ಇತ್ತು.

‘ಒಬ್ಬಾಕೀನ ಬಂದಿಯಲ್ಲ?’ ಹಾಸಿಗೆಯಿಂದಲೇ ಅಕ್ಕ ಕೇಳಿದಳು.

‘ಅವರು ಇಂಜಿನ್ ಕಡೆ ಅದಾರ.’

‘ಹೆಂಗದಾಳ ನಿನ್ನ ಸವತಿ?’

‘ಎರಡು ತುಂಡು ದಪ್ಪ ಆಗ್ಯಾಳ.’

ಅನ್ನ, ಹುರುಳಿ ಸಾರು, ಸುಟ್ಟ ಹಪ್ಪಳ ಉಂಡೆವು. ದಿಂಬು ಸರಿಮಾಡಿ, ಇಂಜಿನ್ ಏರಿದ್ದನ್ನು ಮೊದಲಿನಿಂದ ಹೇಳತೊಡಗಿದೆ. ಮೂರನೇ ತುಂಡಿಗೆ ಬರುವಷ್ಟರಲ್ಲಿ ಅಕ್ಕನಿಗೆ ನಿದ್ದೆ ಹತ್ತಿತ್ತು.