ಹೊಸ್ತಿಲಿನಿಂದ ತಿರುಗಿ ಹೋದ ಮದುಮಗಳು

ಅಥವಾ ಅವಳು ಒಂದು ಮಾತೂ ಆಡದೆ ತಿರುಗಿ ಹೋದಳೋ ಏನೋ. ಅವ್ವ ಹಾಗೇ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಮಾತ್ರ ಅವಳು "ಆತ್ರಿ" ಎಂದಳು, ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದಳು, ಸೀದಾ ಹೋಗಿ ಕ್ರೂಸರ್ ಗಾಡಿಯಲ್ಲಿ ಕುಳಿತಳು. ಎರಡು ವರ್ಷದ ಹಿಂದೆ, ನನ್ನ ತಮ್ಮ ಶಿವು ಮದುವೆಯಾಗಿ ಹೆಂಡತಿಯನ್ನು ಕುಷ್ಟಗಿಯ ನಮ್ಮ ಮನೆಗೆ ಕರೆತಂದ ಮಧ್ಯಾಹ್ನ ಅದು. ಈ ಸಂಗತಿ ಹೇಳುವಾಗಲೆಲ್ಲ ನಾನು ನನ್ನನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಕೊಳ್ಳುತ್ತೇನೆ. ಹಾಗಾಗಿ ತಪ್ಪು ನನ್ನದೆಂದು ಮೊದಲೇ ಹೇಳಿಬಿಡುತ್ತೇನೆ.

ಅನ್ನಪೂರ್ಣ ಗಂಗಾವತಿಯವಳು. ಶಿವು ಕೆಲಸ ಮಾಡುವ ಬೀಜದ ಕಂಪನಿಯಲ್ಲೇ ಮೊಳಕೆ ಪರೀಕ್ಷೆಯ ಕೆಲಸ ಅವಳದು. ನಾವು ಹೆಣ್ಣು ನೋಡಲು ಹೋದ ದಿನ, ಚಹಾ ಬರುವ ಮೊದಲೇ, ಗೋಡೆ ನೋಡುತ್ತ ಹೇಳಿದಳು: "ನನಗ ಆಟಿಸಂ ಐತ್ರಿ. ಮುಖ ನೋಡಿ ಮಾತಾಡಾಕ ಬರಂಗಿಲ್ಲ. ಭಾಳ ಸಪ್ಪಳಾದ್ರ ತಡ್ಕೊಳ್ಳಾಕ ಆಗಂಗಿಲ್ಲ."

"ಅದಕ್ಕ ಗುಳಿಗಿ ಇಲ್ಲೇನವಾ?" ಎಂದು ಅವ್ವನ ತಂಗಿ, ನಮ್ಮ ಚಿಗವ್ವ ಕೇಳಿದಳು.

"ರೋಗ ಅಲ್ಲರಿ. ನಾ ಇರೋದ ಹಂಗ."

"ಹಂಗಾದ್ರ ನಮ್ಮ ಮನಿಯವರಿಗೂ ಅದ ಇರಬೇಕು. ಮೂವತ್ತು ವರ್ಷಾತು, ನನ್ನ ಮಾರಿ ನೋಡಿ ಮಾತಾಡಿಲ್ಲ."

"ತೋರಸೋದಿದ್ರ ಡಾಕ್ಟರ್ ನಂಬರ್ ಕೊಡ್ತೀನ್ರಿ" ಎಂದಳು ಅನ್ನಪೂರ್ಣ. ಚಿಗವ್ವನಿಗೆ ಅವಳು ಅಲ್ಲೇ ಹಿಡಿಸಿಬಿಟ್ಟಳು.

ಮದುವೆಗೆ ವಾರ ಇರುವಾಗ ನನಗೆ ಫೋನ್ ಮಾಡಿದಳು. "ಬಾಗಿಲದಾಗ ಹೆಸರ ಕೇಳ್ತೀರೇನ್ರಿ ಅಕ್ಕಾರ?" ನಮ್ಮ ಕಡೆ ಗಂಡಿನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಮದುಮಗಳು ಗಂಡನ ಹೆಸರನ್ನು ಪ್ರಾಸ ಕಟ್ಟಿ, ಒಡಪಿನಲ್ಲಿ ಹೇಳಿದರೇ ಒಳಗೆ ದಾರಿ. "ಇಲ್ಲವ್ವ, ಕೇಳಂಗಿಲ್ಲ" ಎಂದು ಮಾತು ಕೊಟ್ಟೆ.

ಆ ದಿನ ಬ್ಯಾಂಡಿನವರು ಬಾಗಿಲಿಗೇ ಬಂದು ಬಾರಿಸುತ್ತಿದ್ದರು. ಹಿಂದಿನಿಂದ ಹೆಂಗಸರು ನನ್ನನ್ನು ನೂಕಿದರು. ನೂಕಿದರೋ, ನಾನೇ ಮುಂದೆ ಬಂದೆನೋ. ಎರಡೂ ಕೈ ಚಾಚಿ ಅಡ್ಡ ನಿಂತು, "ಹೆಸರ ಹೇಳದ ಒಳಗ ಬಿಡಂಗಿಲ್ಲ" ಎಂದುಬಿಟ್ಟೆ.

ಆಗಲೇ ಅವಳು ತಿರುಗಿದ್ದು. ಗಾಡಿಯಲ್ಲಿ ಕುಳಿತು ಎರಡೂ ಕಿವಿ ಮುಚ್ಚಿಕೊಂಡಳು. ಹೊಸ್ತಿಲಿಗೆ ಬಂದ ಮದುಮಗಳು ಹಿಂದಿರುಗಿ ಹೋದದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. "ಇಕಿ ಇನ್ನ ಬರಂಗಿಲ್ಲ ಬಿಡು" ಎಂದರು ಯಾರೋ. ಶಿವು ನನ್ನನ್ನು ನೋಡಿದ. ಬಯ್ದಿದ್ದರೆ ಚೆನ್ನಾಗಿತ್ತು.

ನಾನು ಹೋಗಿ ಅವಳ ಪಕ್ಕ ಕುಳಿತೆ. "ತಪ್ಪಾತವ್ವ. ಈಗ ಏನ್ ಮಾಡ್ಲಿ?"

"ನೀವು ಕೇಳಂಗಿಲ್ಲ ಅಂದಿದ್ರಿ."

"ಹೌದು, ಅಂದಿದ್ದೆ."

ಕಿವಿಯಿಂದ ಒಂದು ಕೈ ತೆಗೆದು ಬಾಗಿಲ ಕಡೆ ತೋರಿಸಿದಳು: "ಬ್ಯಾಂಡ್ ನಿಲ್ಲಸ್ರಿ. ನಾ ಒಳಗ ಹೋಗಿ ಕುಂದ್ರೂತನಕ ಯಾರೂ ಮಾತಾಡಬಾರ್ದು."

ಅವ್ವ ಸಿಟ್ಟಾಗುತ್ತಾಳೆಂದು ಹೆದರುತ್ತಲೇ ಹೋಗಿ ಹೇಳಿದೆ. ಅವಳು ಬ್ಯಾಂಡಿನವರನ್ನು ಪಂಕ್ತಿಗೆ ಊಟಕ್ಕೆ ಕೂರಿಸಿ ಬಂದಳು. ಆಮೇಲೆ ಹೆಂಗಸರ ಕಡೆ ತಿರುಗಿ, "ಎಲ್ಲಾರೂ ಬಾಯಿ ಮುಚ್ರಿ. ತಂಗಿ, ನೀನೂ" ಎಂದಳು.

"ನಾ ಎಲ್ಲಿ ಮಾತಾಡೀನಿ?" ಎಂದಳು ಚಿಗವ್ವ.

"ಈಗ ಮಾತಾಡಿದಿ."

ಚಿಗವ್ವ ಸೆರಗನ್ನೇ ಬಾಯಿಗೆ ತುರುಕಿಕೊಂಡಳು. ಅಂಗಳ ತುಂಬ ಹೆಂಗಸರು, ನಗು ತಡೆಯಲಾಗದೆ ಹೆಗಲು ಕುಣಿಸುತ್ತ, ಕೈಸನ್ನೆಯಲ್ಲೇ ಆರತಿ ತಟ್ಟೆ ತರಿಸಿ, ದಾರಿ ಬಿಟ್ಟು ನಿಂತರು. ಅನ್ನಪೂರ್ಣ ಇಳಿದು ಬಂದಳು. ನಾನು ಬಾಗಿಲು ಬಿಟ್ಟು ಗೋಡೆಗೆ ಒರಗಿದ್ದೆ. ಅವಳು ಬಲಗಾಲಿನಿಂದ ಅಕ್ಕಿಯ ಸೇರು ಒದ್ದಳು. ಎಷ್ಟೋ ಮದುವೆ ನೋಡಿದ್ದೇನೆ, ಆ ಅಕ್ಕಿ ನೆಲಕ್ಕೆ ಬೀಳುವ ಸಪ್ಪಳ ಕೇಳಿದ್ದು ಅಂದೇ ಮೊದಲು.

ದೇವರ ಮುಂದೆ ಕುಳಿತ ಮೇಲೆ ಅವಳು ಎರಡೂ ಕಿವಿಗೆ ಬೆರಳಿಟ್ಟುಕೊಂಡು, "ಇನ್ನ ಮಾತಾಡ್ರಿ" ಎಂದಳು. ಮನೆಯೆಲ್ಲ ನಕ್ಕಿತು. ಅವಳೂ ನಕ್ಕಳೆಂದು ಶಿವು ಹೇಳುತ್ತಾನೆ.

ಈಗ ಮಿಕ್ಸರ್ ಹಚ್ಚುವ ಮೊದಲು ಅವ್ವ ಅವಳಿಗೆ ಹೇಳಿ ಹಚ್ಚುತ್ತಾಳೆ. ಚಿಗವ್ವ ಅವಳೊಡನೆ ಗೋಡೆ ನೋಡುತ್ತಲೇ ತಾಸುಗಟ್ಟಲೆ ಹರಟೆ ಹೊಡೆಯುತ್ತಾಳೆ. ನನ್ನ ಜೊತೆಗೂ ಅವಳು ಛಲೋ ಇದ್ದಾಳೆ. ಆದರೆ ನಾನು ಏನಾದರೂ ಮಾಡುತ್ತೇನೆಂದು ಮಾತು ಕೊಟ್ಟಾಗಲೆಲ್ಲ, "ವಾಟ್ಸಾಪಿನಾಗ ಬರದು ಕಳಸ್ರಿ ಅಕ್ಕಾರ" ಎನ್ನುತ್ತಾಳೆ. ಎಲ್ಲರಿಗೂ ಹಾಗೆ ಹೇಳುತ್ತಾಳೋ, ನನಗೊಬ್ಬಳಿಗೋ, ನನಗೆ ಗೊತ್ತಿಲ್ಲ. ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ. ಅದಕ್ಕೇ ಇನ್ನೂ ಕೇಳಿಲ್ಲ.