ಬೇಡದ ಮೇಲ್‌ಗೆ ಅಪ್ಪನ ಮರ್ಯಾದೆ

ಬಂದ ಕಾಗದಕ್ಕೆ ಉತ್ತರ ಬರೆಯದಿದ್ದರೆ ಮನೆಗೆ ಬಂದವರನ್ನ ನೀರೂ ಕೊಡದೆ ಕಳಿಸಿದ ಹಾಗೆ ಅನ್ನೋದು ನಮ್ಮಪ್ಪನ ಸಿದ್ಧಾಂತ. ಅಂಚೆಯ ಕಾಲಕ್ಕೆ ಅದು ಸರಿ. ಇ-ಮೇಲ್ ಬಂದಮೇಲಾದರೂ ಬಿಡಬೇಡವೇ ಪುಣ್ಯಾತ್ಮ!

ಆಗ ನಾನು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಟೆಂಪರರಿ ಟೀಚರ್. ಪ್ರತಿ ಬೇಸಿಗೆಗೂ ಮನೆಗೆ ಕಳಿಸೋರು, ಜೂನ್‌ನಲ್ಲಿ ಮನಸ್ಸಾದರೆ ಕರೆಯೋರು. ಸಾಕುಸಾಕಾಗಿತ್ತು. ಬಸವನಗುಡಿಯ ಕಾಲೇಜೊಂದರಲ್ಲಿ ಖಾಯಂ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಇಂಟರ್‌ವ್ಯೂಗೆ ಮೇಲ್‌ನಲ್ಲೇ ಕರೀತೀವಿ ಅಂದಿದ್ದರು. ನನಗೆ ಹಗಲೆಲ್ಲ ಪಾಠ. ರಿಟೈರಾಗಿದ್ದ ಅಪ್ಪನೇ ಬ್ರೌಸಿಂಗ್ ಸೆಂಟರಿಗೆ ಹೋಗಿ ನನ್ನ ಮೇಲ್ ನೋಡಿಬರೋರು. "ಕಾಲೇಜಿಂದ ಏನೂ ಬಂದಿಲ್ಲ ಪುಟ್ಟೀ," ಅನ್ನೋರು ದಿನಾ.

ಹೀಗೇ ಎಷ್ಟು ದಿನ ಕಾಯೋದು? ಒಂದು ಮಧ್ಯಾಹ್ನ ರಜೆ ಹಾಕಿ ನಾನೇ ಹೋದೆ, ಅಪ್ಪನೂ ಬಂದರು. ತೆಗೆದು ನೋಡಿದರೆ, ಅಯ್ಯೋ ದೇವರೇ! ಲಾಟರಿ, ಸಾಲ, ಬೋಳುತಲೆಗೆ ಔಷಧಿ, ಪುಟಗಟ್ಟಲೆ. ಮೇಲ್ಗಡೆ ಕೆಂಪಕ್ಷರದಲ್ಲಿ, ಜಾಗ ಇಲ್ಲ, ಹೊಸ ಮೇಲ್ ಬರೋದಿಲ್ಲ ಅಂತ.

"ಏನಪ್ಪಾ ಇದು?"

"ಆ ಕೆಂಪಕ್ಷರಾನೂ ಜಾಹೀರಾತೇ ಅಂದ್ಕೊಂಡೆ. ಎಲ್ಲರಿಗೂ ಬರೆದಿದೀನಮ್ಮ. 'ಮಾನ್ಯರೇ, ನಮಗೆ ಬೇಡ, ದಯವಿಟ್ಟು ನಮ್ಮ ಹೆಸರು ತೆಗೆದುಹಾಕಿ' ಅಂತ. ಬೇಡವಾದರೆ ಇಲ್ಲಿ ಒತ್ತಿ ಅಂದಲ್ಲೆಲ್ಲ ಒತ್ತಿದೀನಿ. ಆದ್ರೂ ದಿನದಿನಕ್ಕೆ ಜಾಸ್ತೀನೇ ಆಗ್ತಾ ಬಂತು."

ಆಗದೆ ಇನ್ನೇನು? ಉತ್ತರ ಹೋಯ್ತು ಅಂದರೆ ಈ ಮನೇಲಿ ಜನ ಇದಾರೆ ಅಂತ ಆ ಕಳ್ಳರಿಗೆ ಗೊತ್ತಾಯ್ತಲ್ಲ. ಒಬ್ಬ ಇನ್ನೊಬ್ಬನಿಗೆ ಹೇಳಿ ಎಲ್ಲರೂ ಬಂದು ಬಾಗಿಲು ಬಡೀತಾರೆ.

ಅಳಿಸೋಕೂ ಕೂರದೆ ಎದುರಿನ ಬೂತಿಗೆ ಓಡಿ ಕಾಲೇಜಿಗೆ ಫೋನ್ ಮಾಡಿದೆ.

"ನಿಮಗೆ ಕಳಿಸಿದ್ವಿ ಮೇಡಂ, ವಾಪಸ್ ಬಂತು. ಇನ್ನೊಂದು ಸಲ ಕಳಿಸಿದ್ರೂ ಹಾಗೇ ಆಯ್ತು. ಇವತ್ತು ಬೆಳಿಗ್ಗೆ ಇಂಟರ್‌ವ್ಯೂ ಮುಗೀತು. ಬೇರೆಯವರನ್ನ ತಗೊಂಡಾಯ್ತು," ಅಂದರು ಆಫೀಸಿನವರು.

ಹೊರಗೆ ಬಂದು, ಹಿಂದೆಯೇ ಬಂದಿದ್ದ ಅಪ್ಪನ ಮೇಲೆ ನಡುರಸ್ತೇಲೇ ಕೂಗಾಡಿಬಿಟ್ಟೆ. "ಯಾವನೋ ಲಾಟರಿಯವನಿಗೆ ಮರ್ಯಾದೆ ಕೊಡೋಕೆ ಹೋಗಿ ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲಪ್ಪಾ! ಕೆಲಸ ಹೋಯ್ತು!" ಹೂವು ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ನೋಡಲಿ, ನನಗೇನು?

ಅಪ್ಪ ಕಾಲಿನ ಚಪ್ಪಲಿ ಬಿಟ್ಟರು. "ತಪ್ಪಾಯ್ತಮ್ಮ," ಅಂತ ಎರಡೂ ಕೈ ಜೋಡಿಸಿ, ಹೆತ್ತ ಮಗಳಿಗೆ ಮುಗಿದುಬಿಟ್ಟರು.

ಆ ಕೈಗಳನ್ನ ಗಟ್ಟಿಯಾಗಿ ಹಿಡಿದು ಕೆಳಗೆ ಇಳಿಸಿದೆ. ಸಿಟ್ಟು ಹಾಗೇ ಇತ್ತು, ಅಳುನೂ ಬಂತು. ಬಗ್ಗಿ ಚಪ್ಪಲಿಗಳನ್ನ ಅಪ್ಪನ ಕಾಲಿನ ಹತ್ತಿರಕ್ಕೆ ಸರಿಸಿದೆ.