ಸತ್ತ ಮನೆಗೆ ನಗುವ ಪಿಚ್ಚರ್ ಕೊಟ್ಟವರು

ಅಟ್ಟ ಸ್ವಚ್ಛ ಮಾಡುವಾಗ ಹಳೆಯ ವಿಡಿಯೋ ಕ್ಯಾಸೆಟ್ಟೊಂದು ಕೈಗೆ ಬಂತು. ಬೂಸ್ಟು ಹಿಡಿದ ವಾಸನೆ. ಡಬ್ಬಿಗೆ ಅಂಟಿಸಿದ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ, ‘ಹೊಸಾ ಸೊಸಿ ಬಂದ ಮನಿಗೆ ಬ್ಯಾಡ’ ಎಂದು ಬರೆದಿತ್ತು. ಓದಿ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆರದ ಸಿಟ್ಟು ಅದು…

ನಮ್ಮೂರು ಮಕ್ತಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಆ ಚೀಟಿ ಬರೆದವರ ಬಾಡಿಗೆ ಕ್ಯಾಸೆಟ್ ಅಂಗಡಿ ಇತ್ತು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕನ್ನಡ, ತೆಲುಗು, ಹಿಂದಿ, ಮೂರರ ಹಳೆಯ ನಗೆ ಸಿನಿಮಾಗಳೂ ಅವರಲ್ಲಿದ್ದವು. ಕೇಳಿದ್ದನ್ನು ಎತ್ತಿಕೊಡುವ ಪೈಕಿ ಅಲ್ಲ ಅವರು. ಯಾರ್ಯಾರು ಕೂತು ನೋಡುತ್ತೀರಿ, ಬೀಗರು ಬಂದಿದ್ದಾರೆಯೇ, ಅಜ್ಜನಿಗೆ ಕಿವಿ ಕೇಳಿಸುತ್ತದೆಯೇ, ಎಲ್ಲ ವಿಚಾರಿಸಿ ತಾವೇ ಒಂದನ್ನು ಆರಿಸುತ್ತಿದ್ದರು. ಹೆಣ್ಣು ನೋಡಲು ಬಂದವರ ಮುಂದೆ ಹಚ್ಚುವುದಕ್ಕೇ ಬೇರೆ ಸಾಲು ಇಟ್ಟಿದ್ದರು.

ಅಪ್ಪ ತೀರಿಕೊಂಡಾಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ವರ್ಷ ತುಂಬುವ ತನಕ ಮನೆಯಲ್ಲಿ ಟಿವಿ ಹಚ್ಚಬಾರದೆಂದು ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ತಾನೇ ಅದಕ್ಕೆ ಚಾದರ ಹೊದಿಸಿ ಹೋದಳು. ಅವ್ವ ಮೊದಲು ಮಾತು ಬಿಟ್ಟಳು, ಆಮೇಲೆ ಊಟ ಬಿಟ್ಟಳು. ಐದನೇ ತಿಂಗಳಿಗೆ ಎದ್ದು ನಿಂತರೆ ತಲೆ ತಿರುಗಿ ಬೀಳುತ್ತಿದ್ದಳು. ಪದ್ಧತಿ ಕಾಯಲು ಬಂದವರು ಒಬ್ಬರಾದರೂ ಅವಳ ತಾಟಿನ ಕಡೆ ನೋಡಿದರೇ? ಇಲ್ಲ!

ಅಪ್ಪ ತಂದಿದ್ದ ಕಡೆಯ ಕ್ಯಾಸೆಟ್ ಮರಳಿಸಲು ಹೋದಾಗ ಕಾಕಾ, “ಅವ್ವ ಹೆಂಗದಾಳ ಯವ್ವಾ?” ಎಂದರು. ಅಂಗಡಿಯಲ್ಲೇ ಅತ್ತುಬಿಟ್ಟೆ. ಅವರು ಬಹಳ ಹುಡುಕಿ ಒಂದನ್ನು ತೆಗೆದುಕೊಟ್ಟರು.

“ಇದ್ರಾಗ ಸಾಯೋರಿಲ್ಲ, ಅಳೋರಿಲ್ಲ. ಬಾಗಿಲಾ ತೆರದಿಟ್ಟೇ ಹಚ್ಚು. ನಗೋದೇನ್ ಕಳ್ಳತನ ಅಲ್ಲ.”

ಮಧ್ಯಾಹ್ನ ಚಾದರ ತೆಗೆದು ಹಚ್ಚಿದೆ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸಿನಿಮಾದಲ್ಲಿ ಮಾವನ ಹಲ್ಲಿನ ಸೆಟ್ಟು ಕಳೆದುಹೋಗಿ, ಬೀಗರ ಉಪ್ಪಿಟ್ಟಿನಲ್ಲಿ ಸಿಕ್ಕಿತು ನೋಡಿ, ಯಾವಾಗ ಇತ್ತ ಹೊರಳಿದ್ದಳೋ, ಅವ್ವ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ, “ಒಂದು ರೊಟ್ಟಿ ಕೊಡಬೇ” ಅಂದಳು. ಐದು ತಿಂಗಳಿಗೆ ಮೊದಲ ಸಲ ಬಾಯಿಬಿಟ್ಟು ಕೇಳಿದ್ದಳು.

ರೊಟ್ಟಿ ಮುರಿಯುವಷ್ಟರಲ್ಲಿ ದೊಡ್ಡವ್ವ ಬಾಗಿಲಲ್ಲಿದ್ದಳು. “ಗಂಡ ಸತ್ತು ಆರು ತಿಂಗಳಾಗಿಲ್ಲ, ಹಲ್ಲ ಕಿಸಿಯಾಕತ್ತಾಳ!” ಅಂದವಳೇ ಓಣಿಯ ಹಿರಿಯರಿಬ್ಬರನ್ನು ಕರೆದುಕೊಂಡು ಅಂಗಡಿಗೆ ನಡೆದಳು. ನಾನೂ ಓಡಿದೆ. ಬಸ್ಸಿಗೆ ಕಾದವರೆಲ್ಲ ನೋಡುತ್ತಿರುವಂತೆ ಕಾಕಾನಿಗೆ ಬಾಯಿಗೆ ಬಂದಂತೆ ಬೈದಳು.

“ಕೊಟ್ಟಾಂವ ನಾನರೀ,” ಎಂದರು ಅವರು, ಕೈಮುಗಿದು. “ಬೈಯೋದಿದ್ರ ನನಗ ಬೈರಿ. ಆಕಿಗಿ ಒಂದು ಮಾತೂ ಅನಬ್ಯಾಡ್ರಿ.”

ನಾನು ಅಲ್ಲೇ ನಿಂತಿದ್ದೆ. ನಮ್ಮವ್ವ ಊಟ ಮಾಡಿದಳು ಎಂದು ಹೇಳಲು ಬಾಯಿ ಬರಲಿಲ್ಲ.

ಸತ್ತ ಮನೆ ಕೆಡಿಸಿದವನೆಂದು ನಮ್ಮ ಓಣಿಯವರು ಆ ಅಂಗಡಿ ಬಿಟ್ಟರು, ಅವರನ್ನು ನೋಡಿ ಉಳಿದ ಓಣಿಯವರೂ ಬಿಟ್ಟರು. ಏನು ಕೆಡಿಸಿದ್ದರು? ಹಸಿದವಳಿಗೆ ಹಸಿವಾಗುವಂತೆ ಮಾಡಿದ್ದರು, ಅಷ್ಟೇ! ಕಾಕಾ ಅಂಗಡಿ ಮುಚ್ಚಿ ಗದ್ವಾಲಿನ ತಂಗಿಯ ಮನೆಗೆ ಹೋದರು. ಮರಳಿಸದೆ ಉಳಿದ ಆ ಕ್ಯಾಸೆಟ್ ನಮ್ಮ ಅಟ್ಟ ಸೇರಿತು. ಅವರು ಅಲ್ಲಿಯೇ ತೀರಿಹೋದರೆಂಬುದು ನನಗೆ ಗೊತ್ತಾಗುವಾಗ ಮೂರು ವರ್ಷ ಕಳೆದಿತ್ತು…

ಹೋದ ವಾರ ದೊಡ್ಡವ್ವ ಫೋನ್ ಮಾಡಿದ್ದಳು. ದೊಡ್ಡಪ್ಪ ತೀರಿ ಎರಡು ತಿಂಗಳು. “ಹೊತ್ತ ಹೋಗಂಗಿಲ್ಲಬೇ. ಹಳೇದು, ನಗೋವಂಥದು, ಒಂದು ಪಿಚ್ಚರ್ ಹೇಳು. ಮೊಮ್ಮಗಳು ಫೋನಿನ್ಯಾಗ ಹಚ್ಚಿ ಕೊಡ್ತಾಳ.”

ಮೈಯೆಲ್ಲ ಉರಿಯಿತು. ವರ್ಷ ತುಂಬಲಿ ತಡಿ ಎನ್ನುವ ಮಾತು ನಾಲಿಗೆಯ ತುದಿಗೇ ಇತ್ತು. ನುಂಗಿಕೊಂಡು, “ಅದನ್ನ ಹೇಳಾಕ ಆ ಕ್ಯಾಸೆಟ್ ಕಾಕಾ ಇರಬೇಕಿತ್ತು ದೊಡ್ಡವ್ವ” ಎಂದೆ.

“ಯಾವ ಕಾಕಾ ಬೇ?” ಅಂದಳು.

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ.